ಮನೆಯ ವೈ-ಫೈಗೆ ರೌಟರ್ ಆರಿಸುವಾಗ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಎಷ್ಟು ನಂಬಬೇಕು?

ಮಹಡಿಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡಂತಸ್ತಿನ ಮನೆ, ಫೈಬರ್ ಸಂಪರ್ಕದ ವೇಗ 200 ಎಂಬಿಪಿಎಸ್. ಸಂಪರ್ಕ ಕೊಟ್ಟವರು ತಂದು ಕೂರಿಸಿದ ಪೆಟ್ಟಿಗೆ ಕೆಳಗಿನ ಅಂತಸ್ತಿನಲ್ಲಿ, ಮುಂಬಾಗಿಲ ಪಕ್ಕದ ಮೂಲೆಯಲ್ಲಿ, ಟಿವಿಯ ಹಿಂದೆ ಇದೆ. ನಾನು ಕೆಲಸ ಮಾಡುವ ಕೋಣೆ ಮೇಲಿನ ಅಂತಸ್ತಿನ ಎದುರು ಮೂಲೆಯಲ್ಲಿದೆ. ವಿಡಿಯೋ ಸಭೆಗಳಲ್ಲಿ ನನ್ನ ಮಾತು ತುಂಡು ತುಂಡಾಗಿ ಕೇಳಿಸುತ್ತದೆ ಎಂದು ಜೊತೆಯವರು ದಿನವೂ ಹೇಳುತ್ತಾರೆ. ಸಂಜೆ ಕೆಳಗೆ ಯಾರಾದರೂ ವಿಡಿಯೋ ನೋಡತೊಡಗಿದರೆ ಇಲ್ಲಿ ಒಂದು ಪುಟ ತೆರೆಯುವುದೂ ಕಷ್ಟವಾಗುತ್ತದೆ. ಫೋನು, ಲ್ಯಾಪ್‌ಟಾಪ್, ಟಿವಿ, ಕ್ಯಾಮೆರಾ ಎಲ್ಲ ಸೇರಿ ಹದಿನೈದು ಸಾಧನಗಳಿವೆ.

ಹೊಸ ರೌಟರ್ ಕೊಳ್ಳಬೇಕೆಂದು ಒಂದು ವಾರದಿಂದ ಓದುತ್ತಿದ್ದೇನೆ. ಒಂದರ ಮೇಲೆ ಎಸಿ1200 ಎಂದಿದೆ, ಇನ್ನೊಂದರ ಮೇಲೆ ಎಎಕ್ಸ್1800, ಮತ್ತೊಂದರ ಮೇಲೆ ಎಎಕ್ಸ್3000. ಒಂದಕ್ಕೆ ನಾಲ್ಕು ಆಂಟೆನಾ, ಇನ್ನೊಂದಕ್ಕೆ ಆರು. ಅಂಕಿ ಹೆಚ್ಚಿದಷ್ಟೂ ಮೇಲಿನ ಕೋಣೆಗೆ ಸಿಗ್ನಲ್ ಚೆನ್ನಾಗಿ ಬರುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ತಂತಿಬೆಸುಗೆ:

ನಮಸ್ಕಾರ. ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಆ ಅಂಕಿಗೂ ನಿಮ್ಮ ಮೇಲಿನ ಕೋಣೆಗೂ ಹೆಚ್ಚಿನ ಸಂಬಂಧವಿಲ್ಲ.

ಇಂದಿನ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಎರಡು ರೇಡಿಯೋಗಳಿರುತ್ತವೆ: ಒಂದು 2.4 ಗಿಗಾಹರ್ಟ್ಸ್‌ನದು, ಇನ್ನೊಂದು 5 ಗಿಗಾಹರ್ಟ್ಸ್‌ನದು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಇವೆರಡರ ಗರಿಷ್ಠ ವೇಗವನ್ನು ಕೂಡಿಸಿ ದುಂಡಗೆ ಮಾಡಿದ ಸಂಖ್ಯೆ. ಎಎಕ್ಸ್1800 ಎಂದರೆ ಮೊದಲನೆಯದರಲ್ಲಿ 574, ಎರಡನೆಯದರಲ್ಲಿ 1201, ಒಟ್ಟು 1775. ಅದನ್ನೇ 1800 ಎಂದು ಬರೆಯುತ್ತಾರೆ. ಮುಂದಿನ ಅಕ್ಷರಗಳು ತಲೆಮಾರನ್ನು ಹೇಳುತ್ತವೆ: ಎಸಿ ಎಂದರೆ ವೈ-ಫೈ 5, ಎಎಕ್ಸ್ ಎಂದರೆ ವೈ-ಫೈ 6. ನಿಮ್ಮ ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ರೇಡಿಯೋದೊಂದಿಗೆ ಮಾತನಾಡುತ್ತದೆ, ಆದ್ದರಿಂದ ಈ ಮೊತ್ತ ಯಾವ ಒಂದು ಸಾಧನಕ್ಕೂ ಸಿಗುವುದಿಲ್ಲ. ಎಎಕ್ಸ್3000 ಎಂಬುದರಲ್ಲಿ 5 ಗಿಗಾಹರ್ಟ್ಸ್‌ನ ಪಾಲು 2402. ಆದರೆ ಅದು ಸಿಗಬೇಕಾದರೆ ರೌಟರ್ ಜೊತೆಗೆ ಫೋನೂ 160 ಮೆಗಾಹರ್ಟ್ಸ್ ಅಗಲದ ಚಾನೆಲ್ಲನ್ನು, ಅಂದರೆ ಪ್ರಸಾರಕ್ಕೆ ಹಿಡಿಯುವ ಆವರ್ತನದ ತುಂಡನ್ನು, ಬಳಸಲು ಶಕ್ತವಾಗಿರಬೇಕು. ಎಷ್ಟೋ ಫೋನುಗಳು 80 ಮೆಗಾಹರ್ಟ್ಸ್‌ಗೇ ನಿಲ್ಲುತ್ತವೆ, ಅಂಥವು ದುಬಾರಿ ರೌಟರ್‌ನ ಎದುರು ಕೂತರೂ ಅದೇ 1201ಕ್ಕೇ ಜೋಡಣೆಗೊಳ್ಳುತ್ತವೆ. ಅದೂ ರೇಡಿಯೋ ಮಟ್ಟದ ವೇಗ. ಕೈಗೆ ಸಿಗುವುದು ಎದುರೇ ಕೂತರೂ ಅದರ ಅರ್ಧ, ಅಥವಾ ಅರ್ಧಕ್ಕಿಂತ ತುಸು ಹೆಚ್ಚು. ವೈ-ಫೈಯಲ್ಲಿ ಒಂದು ಚಾನೆಲ್ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು, ಉಳಿದವರು ಕಾಯಬೇಕು. ಆ ಕಾಯುವಿಕೆಯಲ್ಲೇ ಬಹಳಷ್ಟು ಸಮಯ ಕಳೆದುಹೋಗುತ್ತದೆ.

ಆಂಟೆನಾಗಳ ಎಣಿಕೆಯೂ ಹೀಗೆಯೇ. ಒಂದು ರೌಟರ್ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೆ ಪ್ರತಿಯೊಂದು ದೇಶದ ಕಾನೂನಿನಲ್ಲೂ ಮಿತಿ ಇದೆ, ಮತ್ತು ಆರು ಆಂಟೆನಾ ಇಟ್ಟ ಮಾತ್ರಕ್ಕೆ ಆ ಮಿತಿ ಸಡಿಲವಾಗುವುದಿಲ್ಲ. ಇನ್ನೂ ಮುಖ್ಯವಾದದ್ದು, ಇದು ಎರಡೂ ಕಡೆಯ ಮಾತುಕತೆ. ರೌಟರ್ ಎಷ್ಟೇ ಗಟ್ಟಿಯಾಗಿ ಕೂಗಿದರೂ ಫೋನಿನ ಪುಟ್ಟ ರೇಡಿಯೋ ಮರಳಿ ಹೇಳಿದ್ದು ಅದಕ್ಕೆ ಕೇಳಿಸದಿದ್ದರೆ ಸಂಪರ್ಕ ನಿಲ್ಲುವುದಿಲ್ಲ.

ಆದ್ದರಿಂದ ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಮೊದಲು ಮೂರು ಅಳತೆ ಮಾಡಿ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಆ ಪೆಟ್ಟಿಗೆಗೆ ಜೋಡಿಸಿ ವೇಗ ನೋಡಿ. ಬಳಿಕ ಪೆಟ್ಟಿಗೆಯ ಎದುರು ನಿಂತು ವೈ-ಫೈಯಲ್ಲಿ ನೋಡಿ. ಕೊನೆಗೆ ಮೇಲಿನ ಕೋಣೆಯಲ್ಲಿ, ನೀವು ಕೂರುವ ಮೇಜಿನ ಮೇಲೆಯೇ ಇಟ್ಟು ನೋಡಿ. ವೇಗದ ಜೊತೆಗೆ ಸಿಗ್ನಲ್ ಎಷ್ಟು ಡಿಬಿಎಂ ಎಂಬುದನ್ನೂ ಬರೆದುಕೊಳ್ಳಿ. ಅದು ಸಿಗ್ನಲ್ ಶಕ್ತಿಯ ಅಳತೆ; ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. ಡಿಬಿಎಂ ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ.

ಕಂದುತಂತಿ:

ಕೇಬಲ್ ಹಾಕಿ ಅಳೆಯಿರಿ ಎಂಬ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. 300 ಎಂಬಿಪಿಎಸ್ ಸಂಪರ್ಕ ಪಡೆದು ತಿಂಗಳುಗಟ್ಟಲೆ 94ರ ಆಚೆ ನಾನು ನೋಡಲಿಲ್ಲ. ದೋಷ ರೌಟರ್‌ನದೇ ಎಂದುಕೊಂಡು ಹೊಸದನ್ನೂ ತಂದೆ, ಮತ್ತೆ 94. ಕೊನೆಗೆ ಫೈಬರ್ ಪೆಟ್ಟಿಗೆಯಿಂದ ರೌಟರ್‌ಗೆ ಬರುವ ಗೇಣುದ್ದದ ಕೇಬಲ್ಲನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ಪಾರದರ್ಶಕ ಪ್ಲಗ್ಗಿನೊಳಗೆ ಏಳು ತಂತಿಗಳು ಮಾತ್ರ ತುದಿ ಮುಟ್ಟಿದ್ದವು. ಎಂಟನೆಯ ಕಂದು ತಂತಿ ಕೂದಲೆಳೆಯಷ್ಟು ಹಿಂದೆ ಉಳಿದಿತ್ತು. 100 ಎಂಬಿಪಿಎಸ್‌ಗೆ ನಾಲ್ಕು ತಂತಿಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ತಂತಿ ತಪ್ಪಿದ್ದರಿಂದ ಎರಡು ಪೆಟ್ಟಿಗೆಗಳೂ ಸದ್ದಿಲ್ಲದೆ 100ಕ್ಕೆ ಇಳಿದು ಒಪ್ಪಂದ ಮಾಡಿಕೊಂಡಿದ್ದವು. ಹೊಸ ಕೇಬಲ್ ಹಾಕಿದ ಗಳಿಗೆಯಲ್ಲಿ 290 ಬಂತು.

ಕಡಿಮೆ ಬೆಲೆಯ ಕೆಲವು ರೌಟರ್‌ಗಳಲ್ಲಿ ಹಿಂಬದಿಯ ಪೋರ್ಟೇ 100 ಎಂಬಿಪಿಎಸ್‌ನದಾಗಿರುತ್ತದೆ. ಮುಂದೆ ಎಸಿ1200 ಎಂದು ದೊಡ್ಡದಾಗಿ ಬರೆದು, ಪೋರ್ಟಿನ ವೇಗವನ್ನು ವಿವರಪಟ್ಟಿಯ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. 200 ಎಂಬಿಪಿಎಸ್ ಸಂಪರ್ಕಕ್ಕೆ ಅಂಥದ್ದನ್ನು ತಂದರೆ ಅರ್ಧ ವೇಗ ಬಾಗಿಲಲ್ಲೇ ಉಳಿಯುತ್ತದೆ.

ಮಹಡಿಮನೆ:

ಅಳೆದೆ. ಕೇಬಲ್ಲಿನಲ್ಲಿ 196. ಪೆಟ್ಟಿಗೆಯ ಎದುರು ವೈ-ಫೈಯಲ್ಲಿ 188, ಸಿಗ್ನಲ್ ಮೈನಸ್ 45. ಮೆಟ್ಟಿಲ ಮೇಲ್ತುದಿಯಲ್ಲಿ ಮೈನಸ್ 62, ವೇಗ 140. ನನ್ನ ಮೇಜಿನ ಮೇಲೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ, 2.4ರಲ್ಲಿ ಮೈನಸ್ 78, ವೇಗ ಒಮ್ಮೆ 11, ಒಮ್ಮೆ 4.

ತಂತಿಬೆಸುಗೆ:

ಈ ನಾಲ್ಕು ಸಾಲು ಬಹಳಷ್ಟು ಹೇಳುತ್ತವೆ. ಸಂಪರ್ಕ ಸರಿಯಿದೆ, ಈಗಿನ ಪೆಟ್ಟಿಗೆಯೂ ತನ್ನ ಎದುರು ಇದ್ದವರಿಗೆ 188 ಕೊಡುವಷ್ಟು ಸಮರ್ಥವಾಗಿದೆ. ತೊಂದರೆಯಿರುವುದು ಪೆಟ್ಟಿಗೆಗೂ ನಿಮ್ಮ ಮೇಜಿಗೂ ನಡುವಿನ ದಾರಿಯಲ್ಲಿ.

ಡಿಬಿಎಂ ಲೆಕ್ಕದಲ್ಲಿ ಪ್ರತಿ 10 ಇಳಿದರೆ ಶಕ್ತಿ ಹತ್ತನೆಯ ಒಂದು ಭಾಗಕ್ಕೆ ಇಳಿದಂತೆ. ಮೈನಸ್ 45ರಿಂದ ಮೈನಸ್ 78 ಎಂದರೆ 33ರ ವ್ಯತ್ಯಾಸ. ಪೆಟ್ಟಿಗೆಯ ಎದುರು ಇರುವುದರ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ ನಿಮ್ಮ ಮೇಜಿಗೆ ತಲುಪುತ್ತಿದೆ. ಧ್ವನಿ ಮತ್ತು ವಿಡಿಯೋ ಕರೆಗಳು ತಡೆಯಿಲ್ಲದೆ ನಡೆಯಬೇಕಾದರೆ ಮೈನಸ್ 67ರ ಆಸುಪಾಸು ಇರಬೇಕೆಂಬುದು ಜಾಲ ಕಟ್ಟುವವರು ಪಾಲಿಸುವ ಅಳತೆ. ಮೆಟ್ಟಿಲವರೆಗೆ ನಿಮಗೆ ಅದು ಸಿಗುತ್ತಿದೆ, ಆಚೆಯ ಗೋಡೆಗಳಲ್ಲಿ ಸಾಯುತ್ತಿದೆ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು ತರಂಗಗಳಿಗೆ ದೊಡ್ಡ ಶತ್ರು. ಕನ್ನಡಿಯ ಹಿಂದಿನ ಲೋಹದ ಲೇಪ, ಲೋಹದ ಬೀರು, ನೀರಿನ ತೊಟ್ಟಿ ಇವೂ ಸಾಕಷ್ಟನ್ನು ನುಂಗುತ್ತವೆ ಅಥವಾ ಹಿಂದಕ್ಕೆ ತಳ್ಳುತ್ತವೆ. ಆವರ್ತನ ಹೆಚ್ಚಿದಷ್ಟೂ ಗೋಡೆಯಲ್ಲಿ ನಷ್ಟ ಹೆಚ್ಚು, ಅದಕ್ಕೇ 5 ಗಿಗಾಹರ್ಟ್ಸ್ ನಿಮ್ಮ ಕೋಣೆಯಲ್ಲಿ ಕಾಣಿಸುವುದಿಲ್ಲ.

ಇಂಥ ದಾರಿಗೆ ಆರು ಆಂಟೆನಾದ ರೌಟರ್ ತಂದು ಅದೇ ಮೂಲೆಯಲ್ಲಿ, ಅದೇ ಟಿವಿಯ ಹಿಂದೆ ಇಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆಗುತ್ತದೆ. ಮೊದಲು ಒಂದು ಪ್ರಯೋಗ ಮಾಡಿ, ಖರ್ಚೇನೂ ಇಲ್ಲ. ಪೆಟ್ಟಿಗೆಯನ್ನು ಟಿವಿಯ ಹಿಂದಿನಿಂದ ತೆಗೆದು, ಫೈಬರ್ ಎಳೆಯನ್ನು ಬಿಗಿಯಾಗಿ ಮಡಿಸದಂತೆ ಜೋಪಾನವಾಗಿ, ಅದು ಎಟಕುವಷ್ಟು ದೂರ ಮೆಟ್ಟಿಲ ಕಡೆಗೆ ಸರಿಸಿ, ತಲೆಯೆತ್ತರದಲ್ಲಿ ಇಡಿ. ಕಡ್ಡಿಯಂಥ ಆಂಟೆನಾ ತನ್ನ ಸುತ್ತ ಬಳೆಯಾಕಾರದಲ್ಲಿ ಹರಡುತ್ತದೆ, ತುದಿ ತೋರಿಸುವ ದಿಕ್ಕಿಗೆ ಅತಿ ಕಡಿಮೆ ಕಳಿಸುತ್ತದೆ. ನೆಟ್ಟಗೆ ನಿಲ್ಲಿಸಿದರೆ ಅದೇ ಅಂತಸ್ತಿಗೆ ಒಳ್ಳೆಯದು. ಮೇಲಿನ ಅಂತಸ್ತಿಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ ನೋಡಿ.

ಅದರಿಂದ ಪೂರ್ತಿ ಬಗೆಹರಿಯುತ್ತದೆ ಎಂದು ನನಗೆ ಅನಿಸುವುದಿಲ್ಲ. ನಿಜವಾದ ಪರಿಹಾರವೆಂದರೆ ಕೆಳಗಿನಿಂದ ಮೇಲಿನ ಅಂತಸ್ತಿಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆದು, ಅದರ ತುದಿಗೆ ಒಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ಕೇಬಲ್ಲಿನಲ್ಲಿ ಬಂದದ್ದನ್ನು ವೈ-ಫೈಯಾಗಿ ಹರಡುವ ಪೆಟ್ಟಿಗೆ, ಹಾಕುವುದು. ಕ್ಯಾಟ್ 5ಇ ದರ್ಜೆಯ ಸಾಧಾರಣ ಕೇಬಲ್ಲು 100 ಮೀಟರ್ ದೂರದವರೆಗೆ 1 ಗಿಗಾಬಿಟ್ ವೇಗವನ್ನು ಒಯ್ಯುತ್ತದೆ. ಗೋಡೆ, ನೆರೆಯವರ ವೈ-ಫೈ ಯಾವುದೂ ಅದನ್ನು ತಾಕುವುದಿಲ್ಲ. ಮಧ್ಯಮ ದರ್ಜೆಯ ಎರಡು ರೇಡಿಯೋಗಳು ಎರಡು ಅಂತಸ್ತುಗಳಲ್ಲಿದ್ದರೆ, ಮೂಲೆಯಲ್ಲಿರುವ ಒಂದೇ ಒಂದು ಭಾರಿ ರೌಟರ್ ಯಾವತ್ತೂ ಅವಕ್ಕೆ ಸಾಟಿಯಾಗಲಾರದು. ಇದನ್ನು ನಾನು ಬಹಳ ಮನೆಗಳಲ್ಲಿ ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಬಾಡಿಗೆವಾಸಿ:

ತಂತಿಬೆಸುಗೆಯವರ ಮಾತು ಸರಿ, ಆದರೆ ಎಲ್ಲರೂ ಗೋಡೆ ಕೊರೆಯಲಾರರು. ನನ್ನಂಥ ಬಾಡಿಗೆಯವರಿಗೆ ಮನೆಯ ಯಜಮಾನರು ಮೊಳೆ ಹೊಡೆಯಲೂ ಬಿಡುವುದಿಲ್ಲ. ನಾನು ಮೂರು ಘಟಕಗಳ ಮೆಶ್, ಅಂದರೆ ತಂತಿಯಿಲ್ಲದೆ ಒಂದಕ್ಕೊಂದು ಜೋಡಿಕೊಂಡು ಮನೆಯಿಡೀ ವೈ-ಫೈ ಹರಡುವ ಪೆಟ್ಟಿಗೆಗಳನ್ನು, ತಂದು ಎರಡು ವರ್ಷವಾಯಿತು, ತೃಪ್ತಿಯಿಂದ ಇದ್ದೇನೆ. ಕೇಬಲ್ಲೊಂದೇ ದಾರಿ ಎಂಬಂತೆ ಹೇಳಿದರೆ ಕೇಳುವವರು ಹಿಂಜರಿದು ಹಳೆಯ ಕಷ್ಟದಲ್ಲೇ ಉಳಿಯುತ್ತಾರೆ.

ತಂತಿಬೆಸುಗೆ:

ಒಪ್ಪುತ್ತೇನೆ, ನನ್ನ ಮಾತು ಒರಟಾಯಿತು. ಕೇಬಲ್ ಸಾಧ್ಯವೇ ಇಲ್ಲದ ಕಡೆ ಮೆಶ್ ಒಳ್ಳೆಯ ದಾರಿ. ಆದರೆ ಎರಡು ವಿಷಯಗಳನ್ನು ತಿಳಿದುಕೊಳ್ಳಬೇಕು.

ಒಂದೇ ರೇಡಿಯೋ ಇರುವ ಅಗ್ಗದ ರಿಪೀಟರ್ ಒಂದು ಕಿವಿಯಿಂದ ಕೇಳಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳಬೇಕು, ಆದ್ದರಿಂದ ಪ್ರತಿ ಮಾತಿಗೂ ಎರಡು ಪಟ್ಟು ಸಮಯ ಹಿಡಿದು ವೇಗ ಅರ್ಧವಾಗುತ್ತದೆ. ಮೂರು ರೇಡಿಯೋಗಳ ಮೆಶ್‌ನಲ್ಲಿ ಘಟಕಗಳು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಲು ಒಂದನ್ನು ಮೀಸಲಿಡುವುದರಿಂದ ಆ ನಷ್ಟ ಬಹಳ ತಗ್ಗುತ್ತದೆ.

ಇನ್ನೊಂದು, ಘಟಕವನ್ನು ಇಡುವ ಜಾಗ. ಸಿಗ್ನಲ್ ಸತ್ತ ಕೋಣೆಯಲ್ಲೇ ಎರಡನೆಯ ಘಟಕವನ್ನು ಇಡುವುದು ಎಲ್ಲರೂ ಮಾಡುವ ತಪ್ಪು. ಸಿಗ್ನಲ್ ಬಾರದ ಕೋಣೆಯಲ್ಲಿ ಆ ಘಟಕಕ್ಕಾದರೂ ಎಲ್ಲಿಂದ ಸಿಗ್ನಲ್ ಬರಬೇಕು? ಫೋನಿನಲ್ಲಿ ಐದು ಗೆರೆ ತುಂಬಿ ಕಾಣಿಸುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ, ಏಕೆಂದರೆ ಆ ಗೆರೆಗಳು ಫೋನಿಗೂ ಪಕ್ಕದ ಘಟಕಕ್ಕೂ ನಡುವಿನವು. ಮಹಡಿಮನೆಯವರ ಅಳತೆಯ ಪ್ರಕಾರ ಮೆಶ್ ಘಟಕ ಇರಬೇಕಾದದ್ದು ಮೆಟ್ಟಿಲ ಮೇಲ್ತುದಿಯಲ್ಲಿ, ಆ ಮೈನಸ್ 62 ಸಿಕ್ಕ ಜಾಗದಲ್ಲಿ.

ಬಾಡಿಗೆವಾಸಿ:

ನಾನೂ ಮೊದಲ ತಿಂಗಳು ಮಲಗುವ ಕೋಣೆಯಲ್ಲೇ ಇಟ್ಟಿದ್ದೆ. ಪಡಸಾಲೆಗೆ ತಂದ ಮೇಲೆಯೇ ಸರಿಹೋದದ್ದು. ಮತ್ತೊಂದು ಸಲಹೆ: ಹೊಸ ಪೆಟ್ಟಿಗೆ ಬಂದಾಗ ಹಳೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಹೊಸದಕ್ಕೂ ಕೊಟ್ಟರೆ, ಹಳೆಯ ಪಾಸ್‌ವರ್ಡ್ ಗಟ್ಟಿಯಾಗಿದ್ದ ಪಕ್ಷದಲ್ಲಿ, ಹದಿನೈದು ಸಾಧನಗಳನ್ನು ಒಂದೊಂದಾಗಿ ಮತ್ತೆ ಜೋಡಿಸುವ ಕೆಲಸ ತಪ್ಪುತ್ತದೆ.

ಚಾನೆಲ್ಹನ್ನೊಂದು:

2.4ರ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆ ಆವರ್ತನ ಪಟ್ಟಿಯಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಆದರೆ ಒಂದು ವೈ-ಫೈ ಪ್ರಸಾರ ಹಿಡಿಯುವ ಅಗಲ ಕನಿಷ್ಠ 20. ಹೀಗಾಗಿ 1, 6, 11 ಇವು ಮೂರು ಮಾತ್ರ ಒಂದರ ಮೈಮೇಲೆ ಒಂದು ಬೀಳದೆ ಇರಬಲ್ಲವು. 3 ಅಥವಾ 4ರಲ್ಲಿ ಕೂತರೆ ಎರಡೂ ಕಡೆಯ ನೆರೆಯವರಿಗೆ ಅಡ್ಡಿ, ಅವರಿಂದ ನಿಮಗೂ ಅಡ್ಡಿ. ಅಗಲವನ್ನು 40ಕ್ಕೆ ಏರಿಸುವುದೂ ದಟ್ಟ ಬಡಾವಣೆಯಲ್ಲಿ ತಕ್ಕದ್ದಲ್ಲ; ಪೆಟ್ಟಿಗೆಯ ಮೇಲಿನ ಆ 574 ಸಿಗುವುದು 40ರಲ್ಲಿ ಮಾತ್ರ ಎಂಬುದನ್ನು ಇಲ್ಲಿ ನೆನಪಿಡಬೇಕು. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ, ಬ್ಲೂಟೂತ್ ಕೂಡ ಇದೇ ಪಟ್ಟಿಯಲ್ಲಿ.

5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಅನೇಕ ದೇಶಗಳಲ್ಲಿ ರೇಡಾರ್‌ಗಳೊಂದಿಗೆ ಹಂಚಿಕೊಳ್ಳಬೇಕು. ಅಲ್ಲಿ ಪ್ರಸಾರ ಶುರುಮಾಡುವ ಮೊದಲು ರೌಟರ್ ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸುತ್ತದೆ. ವಿದ್ಯುತ್ ಹೋಗಿ ಬಂದಾಗ 5 ಗಿಗಾಹರ್ಟ್ಸ್‌ನ ಹೆಸರು ತಡವಾಗಿ ಕಾಣಿಸಿದರೆ ಕೆಟ್ಟಿತೆಂದು ಗಾಬರಿಯಾಗಬೇಡಿ.

ಬೀಗದಕೈ:

ವೇಗದ ಮಾತಿನ ನಡುವೆ ಸುರಕ್ಷತೆಯನ್ನು ಮರೆಯಬಾರದೆಂದು ಕೇಳಿಕೊಳ್ಳುತ್ತೇನೆ. ಮನೆಯ ಕ್ಯಾಮೆರಾ, ಮಕ್ಕಳ ಫೋನು, ಬ್ಯಾಂಕಿನ ವ್ಯವಹಾರ ಎಲ್ಲವೂ ಹಾದುಹೋಗುವ ಬಾಗಿಲು ಈ ಪೆಟ್ಟಿಗೆಯೇ. ನನ್ನ ಮಟ್ಟಿಗೆ ರೌಟರ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ತಯಾರಕರು ಈ ಮಾದರಿಗೆ ಇನ್ನೂ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆ ಎಂಬುದು. ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಕೊನೆಯ ಅಪ್‌ಡೇಟ್ ಯಾವ ದಿನಾಂಕದ್ದು ಎಂದು ನೋಡಿ. ಮೂರು ವರ್ಷ ಹಳೆಯದಾಗಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡದ್ದು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದರಿಂದ.

ವೈ-ಫೈಯನ್ನು ಪಾಸ್‌ವರ್ಡಿನಿಂದ ಕಾಯುವ ಭದ್ರತಾ ವಿಧಾನಗಳಲ್ಲಿ ಡಬ್ಲ್ಯೂಪಿಎ3 ಇರುವ ರೌಟರನ್ನೇ ಕೊಳ್ಳಿ. ಅದು 2018ರಲ್ಲಿ ಬಂದಿತು. ಹಳೆಯ ಸಾಧನಗಳು ಅದಕ್ಕೆ ಒಗ್ಗದಿದ್ದರೆ ಡಬ್ಲ್ಯೂಪಿಎ2 ಮತ್ತು 3 ಎರಡೂ ಸೇರಿದ ವಿಧಾನವಿದೆ. ಪಾಸ್‌ವರ್ಡ್ ಟೈಪಿಸದೆ ಸಾಧನ ಜೋಡಿಸುವ ಡಬ್ಲ್ಯೂಪಿಎಸ್ ಎಂಬ ಗುಂಡಿಯ ಸೌಲಭ್ಯವನ್ನು ನಿಲ್ಲಿಸಿಬಿಡಿ. ಅದರ ಎಂಟು ಅಂಕಿಯ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸಲಾಗುತ್ತದೆ, ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದ ಬರುವಂಥದ್ದು. ಹೀಗಾಗಿ ಹತ್ತು ಕೋಟಿ ಸಾಧ್ಯತೆಗಳ ಬದಲು 11,000 ಪ್ರಯತ್ನಗಳಲ್ಲಿ ಅದು ಬಯಲಾಗುತ್ತದೆ ಎಂದು 2011ರಲ್ಲೇ ತೋರಿಸಿಕೊಟ್ಟಿದ್ದಾರೆ. ಕ್ಯಾಮೆರಾ, ಬಲ್ಬು ಮೊದಲಾದವುಗಳಿಗೆ ಅತಿಥಿ ಜಾಲ ಮಾಡಿ ಬೇರೆಯಾಗಿಡಿ. ಅವುಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ನಡೆಯುತ್ತವೆಯಾದ್ದರಿಂದ ಅತಿಥಿ ಜಾಲವನ್ನು ಅದೊಂದರಲ್ಲೇ ಇಟ್ಟರೆ ಜೋಡಿಸುವುದೂ ಸುಲಭ.

ಮಹಡಿಮನೆ:

ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂದೇಹ ಉಳಿದಿವೆ. ವೈ-ಫೈ 7 ಬಂದಿರುವಾಗ 6 ಕೊಂಡರೆ ಬೇಗ ಹಳತಾಗುವುದಿಲ್ಲವೇ? ಮತ್ತು ಇನ್ನೊಂದು ಗಮನಿಸಿದೆ: ಕೇಬಲ್ಲಿನಲ್ಲಿದ್ದಾಗಲೂ, ಯಾರಾದರೂ ಫೋನಿನಿಂದ ಫೋಟೋಗಳನ್ನು ಕ್ಲೌಡ್‌ಗೆ ಏರಿಸುವಾಗ ನನ್ನ ಕರೆ ತಡೆಯುತ್ತದೆ. ಇದು ಸಿಗ್ನಲ್ಲಿನ ತೊಂದರೆ ಅಲ್ಲವಷ್ಟೇ?

ತಂತಿಬೆಸುಗೆ:

ಎರಡನೆಯದನ್ನು ನೀವೇ ಪತ್ತೆಹಚ್ಚಿದ್ದು ಬಹಳ ಸಂತೋಷ. ಅದು ಸಿಗ್ನಲ್ಲಿನದಲ್ಲ, ಸರತಿಯ ತೊಂದರೆ. ಫೋಟೋಗಳು ಸಂಪರ್ಕದ ವೇಗವನ್ನು ಮೀರಿ ನುಗ್ಗಿದಾಗ ಪೆಟ್ಟಿಗೆ ಅವನ್ನು ಬಿಸಾಡದೆ ಉದ್ದನೆಯ ಸಾಲಿನಲ್ಲಿ ನಿಲ್ಲಿಸುತ್ತದೆ. ನಿಮ್ಮ ಧ್ವನಿಯ ಪುಟ್ಟ ಪೊಟ್ಟಣವೂ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಪಿಂಗ್, ಅಂದರೆ ಸಂದೇಶ ಹೋಗಿ ಮರಳುವ ಸಮಯವನ್ನು ಅಳೆಯುವ ಪರೀಕ್ಷೆ, ಓಡಿಸುತ್ತಾ ದೊಡ್ಡ ಫೈಲೊಂದನ್ನು ಏರಿಸಿ ನೋಡಿ: 10 ಮಿಲಿಸೆಕೆಂಡಿನ ಆಸುಪಾಸು ಇದ್ದದ್ದು 200, 300ಕ್ಕೆ ಜಿಗಿದರೆ ಅದೇ. ಎಸ್‌ಕ್ಯೂಎಂ ಇರುವ, ಅಂದರೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ವಿಧಾನದಲ್ಲಿ ಸರತಿಯನ್ನು ನ್ಯಾಯವಾಗಿ ಹಂಚುವ ರೌಟರ್ ಆರಿಸಿ, ಅದರ ಮಿತಿಯನ್ನು ಸಂಪರ್ಕದ ವೇಗಕ್ಕಿಂತ ಸುಮಾರು ಶೇಕಡಾ 5ರಿಂದ 10ರಷ್ಟು ಕೆಳಗೆ ಇಟ್ಟರೆ ಈ ತೊಂದರೆ ಬಹುಪಾಲು ಇಲ್ಲವಾಗುತ್ತದೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ, ರೌಟರ್‌ಗೆ ಹಾಕಬಲ್ಲ ಮುಕ್ತ ತಂತ್ರಾಂಶಕ್ಕೆ ಹೊಂದುವ ಮಾದರಿಗಳಲ್ಲಿ ಇದು ಉಚಿತವಾಗಿಯೇ ಸಿಗುತ್ತದೆ. ವಿಡಿಯೋ ಸಭೆಯಲ್ಲೇ ದಿನ ಕಳೆಯುವ ನಿಮಗೆ ಎಎಕ್ಸ್3000ಕ್ಕಿಂತ ಇದು ನೂರು ಪಾಲು ಮುಖ್ಯ.

ವೈ-ಫೈ 7ರ ದೃಢೀಕರಣ ಶುರುವಾದದ್ದು 2024ರ ಜನವರಿಯಲ್ಲಿ. ಅದರ ದೊಡ್ಡ ಹೆಚ್ಚುಗಾರಿಕೆಗಳು 320 ಮೆಗಾಹರ್ಟ್ಸ್ ಅಗಲದ ಚಾನೆಲ್ ಮತ್ತು ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಪಟ್ಟಿಗಳನ್ನು ಬಳಸುವ ಸೌಲಭ್ಯ. ಮೊದಲನೆಯದಕ್ಕೆ 6 ಗಿಗಾಹರ್ಟ್ಸ್ ಪಟ್ಟಿ ಬೇಕು; ನಿಮ್ಮ ಮನೆಯಲ್ಲಿ 5 ಗಿಗಾಹರ್ಟ್ಸೇ ಗೋಡೆ ದಾಟದಿರುವಾಗ 6 ಹೇಗೆ ದಾಟೀತು? ಎರಡಕ್ಕೂ ಅದನ್ನು ಬಲ್ಲ ಫೋನೂ ಬೇಕು. 200 ಎಂಬಿಪಿಎಸ್ ಸಂಪರ್ಕಕ್ಕೆ ವೈ-ಫೈ 6 ಧಾರಾಳವಾಗಿ ಸಾಕು. ಹಣ ಉಳಿದರೆ ಕೇಬಲ್ಲಿಗೆ ಹಾಕಿ.

ಇನ್ನೊಂದು ಮಾತು. ಹೊಸ ರೌಟರ್ ಬಂದ ಮೇಲೆ ಹಳೆಯ ಪೆಟ್ಟಿಗೆಯನ್ನು ಬ್ರಿಡ್ಜ್ ವಿಧಾನಕ್ಕೆ, ಅಂದರೆ ತಾನು ರೌಟರ್ ಕೆಲಸ ಮಾಡದೆ ಸಂಪರ್ಕವನ್ನು ಹಾಗೆಯೇ ದಾಟಿಸುವಂತೆ, ಬದಲಿಸಿಕೊಡಲು ಸಂಪರ್ಕ ಕೊಟ್ಟವರನ್ನು ಕೇಳಿ. ಇಲ್ಲದಿದ್ದರೆ ಎರಡೂ ಪೆಟ್ಟಿಗೆಗಳು ವಿಳಾಸ ಹಂಚಲು ಹೋಗಿ ಕೆಲವು ಆಟಗಳೂ ಕ್ಯಾಮೆರಾಗಳೂ ಎಡವುತ್ತವೆ. ಸಂಪರ್ಕಕ್ಕೆ ಲಾಗಿನ್ ಆಗಲು ಬೇಕಾದ ಪಿಪಿಪಿಓಇ ಹೆಸರು, ಪಾಸ್‌ವರ್ಡ್ ಮತ್ತು ವಿಎಲ್‌ಎಎನ್ ಸಂಖ್ಯೆ ಇದ್ದರೆ ಅವನ್ನು ಬದಲಿಸುವ ಮೊದಲೇ ಬರೆಸಿಕೊಳ್ಳಿ.

ಮಹಡಿಮನೆ:

ಹದಿನೆಂಟು ದಿನಗಳ ಬಳಿಕ ಬರೆಯುತ್ತಿದ್ದೇನೆ. ಮೊದಲು ಪೆಟ್ಟಿಗೆಯನ್ನು ಟಿವಿಯ ಹಿಂದಿನಿಂದ ತೆಗೆದು ಕಪಾಟಿನ ಮೇಲಿಟ್ಟೆ. ಅಷ್ಟಕ್ಕೇ ಮೇಲಿನ ಕೋಣೆಯಲ್ಲಿ ಮೈನಸ್ 78 ಇದ್ದದ್ದು 72 ಆಯಿತು. ಟಿವಿ ಕೇಬಲ್ಲಿಗೆಂದು ಹಿಂದೆ ಹಾಕಿಸಿದ್ದ ಕೊಳವೆಯೊಂದು ಕೆಳಗಿನಿಂದ ಮಹಡಿಯವರೆಗೆ ಖಾಲಿ ಇರುವುದು ಆಮೇಲೆ ನೆನಪಾಯಿತು. ಅದರೊಳಗೆ ಕ್ಯಾಟ್ 6 ಕೇಬಲ್ ಎಳೆದೆವು, ಒಂದು ಕೂದಲೆಳೆಯಷ್ಟೂ ಗೋಡೆ ಕೊರೆಯಲಿಲ್ಲ. ಕೆಳಗೆ ಎಸ್‌ಕ್ಯೂಎಂ ಇರುವ ಎಎಕ್ಸ್1800 ರೌಟರ್, ಮೇಲೆ ಅದೇ ದರ್ಜೆಯ ಆ್ಯಕ್ಸೆಸ್ ಪಾಯಿಂಟ್. ಪ್ಲಗ್ಗುಗಳನ್ನು ಹಾಕಿಸಿದ ಕೂಡಲೇ ಕಂದುತಂತಿಯವರ ಮಾತು ನೆನೆದು ಬೆಳಕಿಗೆ ಹಿಡಿದು ನೋಡಿದೆ, ಎಂಟೂ ತುದಿ ಮುಟ್ಟಿದ್ದವು.

ಈಗ ನನ್ನ ಮೇಜಿನ ಮೇಲೆ 5 ಗಿಗಾಹರ್ಟ್ಸ್‌ನಲ್ಲಿ ಮೈನಸ್ 49, ವೇಗ 185. ಮಿತಿಯನ್ನು 190ಕ್ಕೆ ಇಟ್ಟಿದ್ದೇನೆ. ನಿನ್ನೆ ಸಂಜೆ ಕೆಳಗೆ ಒಬ್ಬರು ವಿಡಿಯೋ ನೋಡುತ್ತಿದ್ದರು, ಇನ್ನೊಬ್ಬರು ಮದುವೆಯ ಫೋಟೋಗಳನ್ನೆಲ್ಲ ಏರಿಸುತ್ತಿದ್ದರು. ನನ್ನ ಸಭೆ ಒಂದೂವರೆ ಗಂಟೆ ನಡೆಯಿತು, ಪಿಂಗ್ 18 ದಾಟಲಿಲ್ಲ. ಹಳೆಯ ಪೆಟ್ಟಿಗೆಯ ವೈ-ಫೈಯನ್ನು ನಿಲ್ಲಿಸಲು ಮರೆತು ಎರಡು ದಿನ ಅದೂ ಚಾನೆಲ್ 6ರಲ್ಲಿ ಕೂಗುತ್ತಿತ್ತು, ಇವತ್ತು ಬೆಳಿಗ್ಗೆ ಅದನ್ನೂ ನಿಲ್ಲಿಸಿದೆ.

ಚಾನೆಲ್ಹನ್ನೊಂದು:

ಒಳ್ಳೆಯದಾಯಿತು. ಕೆಳಗಿನದನ್ನು 1ರಲ್ಲಿ, ಮೇಲಿನದನ್ನು 11ರಲ್ಲಿ ಕೂರಿಸಿ. ಎರಡಕ್ಕೂ ಹೆಸರು, ಪಾಸ್‌ವರ್ಡ್ ಒಂದೇ ಇರಲಿ. ಮೆಟ್ಟಿಲು ಹತ್ತುವಾಗ ಫೋನು ತಾನಾಗಿ ಬದಲಿಸಿಕೊಳ್ಳುತ್ತದೆ. ಬದಲಿಸದೆ ಕೆಳಗಿನದನ್ನೇ ಹಿಡಿದುಕೊಂಡು ಕೂತರೆ ಕೆಳಗಿನ ರೌಟರ್‌ನ ಪ್ರಸಾರ ಶಕ್ತಿಯನ್ನು ಒಂದು ಮೆಟ್ಟಿಲು ತಗ್ಗಿಸಿ ನೋಡಿ.